ಮೋಟು ಬಾಲದ ಶೋಕಿ, ಚೂಪು ಕಿವಿಯ ಗತ್ತು

ಹತ್ತನೇ ತರಗತಿಯಲ್ಲಿ ಅನುವಂಶೀಯತೆಯ ಪಾಠ ನಡೆಯುವಾಗ ವರ್ಷಕ್ಕೊಬ್ಬ ಹುಡುಗನಾದರೂ ಎದ್ದು ನಿಂತು ಕೇಳುವ ಪ್ರಶ್ನೆಯೊಂದಿದೆ. "ಸಾರ್, ನಾಯಿಗೆ ಬಾಲ ಕತ್ತರಿಸಿಬಿಟ್ರೆ ಅದರ ಮರಿಗೂ ಮೋಟು ಬಾಲವೇ ಬತ್ತದಾ?" ತರಗತಿ ಗೊಳ್ಳೆಂದು ನಗುತ್ತದೆ. ಆದರೆ ಪ್ರಶ್ನೆ ನಗುವಂಥದ್ದಲ್ಲ. ಹನೂರಿನ ಕಡೆಯ ತೋಟದ ಮನೆಗಳಲ್ಲಿ, ಕೊಳ್ಳೇಗಾಲದ ಹೊಸ ಬಡಾವಣೆಗಳ ಗೇಟಿನ ಹಿಂದೆ, ಯಳಂದೂರಿನ ಗದ್ದೆಬಯಲಿನ ಪಂಪ್‌ಸೆಟ್ ಮನೆಗಳ ಮುಂದೆ ಈಗ ಡಾಬರ್‌ಮನ್, ರಾಟ್‌ವೀಲರ್, ಬಾಕ್ಸರ್ ಜಾತಿಯ ನಾಯಿಗಳು ಕಾಣಿಸುತ್ತವೆ. ಬಾಲ ಇರಬೇಕಾದ ಜಾಗದಲ್ಲಿ ಹೆಬ್ಬೆರಳುದ್ದದ ಮೋಟು. ಕೆಲವಕ್ಕೆ ಕಿವಿ ಕೊಂಬಿನಂತೆ ನೆಟ್ಟಗೆ. ಹುಡುಗರು ಅವು ಹುಟ್ಟಿದ್ದೇ ಹಾಗೆ ಎಂದುಕೊಂಡಿರುತ್ತಾರೆ.

ಅವು ಹುಟ್ಟುವುದು ಹಾಗಲ್ಲ. ಡಾಬರ್‌ಮನ್ ಮರಿ ಹುಟ್ಟುವಾಗ ಅದಕ್ಕೆ ನಮ್ಮ ಬೀದಿನಾಯಿಗಿರುವಷ್ಟೇ ಬಾಲವಿರುತ್ತದೆ. ಕಿವಿ ಮೃದುವಾಗಿ ಜೋತುಬಿದ್ದಿರುತ್ತದೆ. ಹುಟ್ಟಿದ ಮೂರರಿಂದ ಐದು ದಿನದೊಳಗೆ ಕತ್ತರಿಯಿಂದ ಬಾಲ ಕತ್ತರಿಸುತ್ತಾರೆ, ಇಲ್ಲವೇ ಬುಡಕ್ಕೆ ಬಿಗಿಯಾಗಿ ರಬ್ಬರ್ ಬ್ಯಾಂಡ್ ಸುತ್ತಿ ರಕ್ತ ಹೋಗದಂತೆ ಮಾಡಿ ತಾನಾಗಿ ಉದುರಿಸುತ್ತಾರೆ. ಇದಕ್ಕೆ ಡಾಕಿಂಗ್ ಎಂದು ಹೆಸರು. ಕಿವಿಯ ಸರದಿ ಬರುವುದು ಎರಡು-ಮೂರು ತಿಂಗಳಿಗೆ. ಅರಿವಳಿಕೆ ಕೊಟ್ಟು, ಕಿವಿಯ ಹೊರ ಅಂಚನ್ನು ಮೃದ್ವಸ್ಥಿ ಸಮೇತ ಕೊಯ್ದು, ಹೊಲಿದು, ನೆಟ್ಟಗೆ ನಿಲ್ಲಲೆಂದು ವಾರಗಟ್ಟಲೆ ಆಧಾರ ಕೊಟ್ಟು ಪಟ್ಟಿ ಸುತ್ತುತ್ತಾರೆ. ಇದು ಕ್ರಾಪಿಂಗ್.

ಹುಡುಗನ ಪ್ರಶ್ನೆಗೆ ಉತ್ತರ ನೂರಮೂವತ್ತು ವರ್ಷಗಳಿಗೂ ಹಿಂದೆಯೇ ಸಿಕ್ಕಿದೆ. ಜರ್ಮನಿಯ ಜೀವವಿಜ್ಞಾನಿ ಆಗಸ್ಟ್ ವೈಸ್‌ಮನ್ 1880ರ ದಶಕದಲ್ಲಿ ಬಿಳಿ ಇಲಿಗಳ ಬಾಲ ಕತ್ತರಿಸುತ್ತಾ ತಲೆಮಾರಿನ ಮೇಲೆ ತಲೆಮಾರು ಸಾಕಿದ. ಮೊದಲ ಐದು ತಲೆಮಾರುಗಳಲ್ಲಿ ಹುಟ್ಟಿದ 901 ಮರಿಗಳಲ್ಲಿ ಒಂದಕ್ಕೂ ಮೋಟು ಬಾಲವಿರಲಿಲ್ಲ. ಬಾಳಿನಲ್ಲಿ ಗಳಿಸಿದ ಗುಣ ಮಕ್ಕಳಿಗೆ ಇಳಿದು ಬರುತ್ತದೆಂಬ ಲಾಮಾರ್ಕನ ವಾದಕ್ಕೆ ಬಿದ್ದ ಏಟು ಅದು. (ನಿಜ ಹೇಳಬೇಕೆಂದರೆ ಲಾಮಾರ್ಕ್ ಹೇಳಿದ್ದು ಬಳಕೆಯಿಂದ ಬರುವ ಬದಲಾವಣೆಯ ಮಾತು, ಕತ್ತರಿಯ ಮಾತಲ್ಲ. ಪರೀಕ್ಷೆಯಲ್ಲಿ ಅಷ್ಟು ಆಳಕ್ಕೆ ಕೇಳುವುದಿಲ್ಲ ಬಿಡಿ.) ನಾಯಿಗಳ ಕಥೆಯೂ ಅದೇ. ಡಾಬರ್‌ಮನ್ ತಳಿ ಹುಟ್ಟಿದ್ದು ಜರ್ಮನಿಯ ಅಪೋಲ್ಡಾ ಊರಿನ ಕಂದಾಯ ವಸೂಲಿಗಾರ ಲೂಯಿ ಡಾಬರ್‌ಮನ್ ಕೈಯಲ್ಲಿ, 19ನೇ ಶತಮಾನದ ಕೊನೆಯಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಕತ್ತರಿಸುತ್ತಲೇ ಬಂದರೂ ಪ್ರತಿ ಮರಿಯೂ ಹಟ ಹಿಡಿದಂತೆ ಬಾಲ ಹೊತ್ತೇ ಹುಟ್ಟುತ್ತದೆ! ನಾಯಿಬಾಲದ ಡೊಂಕಿನ ಬಗ್ಗೆ ನಮ್ಮ ಹಿರಿಯರು ಗಾದೆ ಕಟ್ಟಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಯಾಕೆ ಕತ್ತರಿಸುತ್ತಾರೆ? ಕಾರಣಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ. ಒಂದನೇ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲಾ, ಮರಿಗೆ ನಲವತ್ತು ದಿನವಾದಾಗ ಬಾಲದ ತುದಿ ತೆಗೆದರೆ ಹುಚ್ಚು ಹಿಡಿಯುವುದಿಲ್ಲವೆಂದು ಕುರುಬರು ನಂಬುತ್ತಾರೆಂದು ಬರೆದಿದ್ದಾನೆ. ರೇಬೀಸ್‌ಗೆ ಲೂಯಿ ಪಾಶ್ಚರ್ ಮನುಷ್ಯರಿಗೆ ಮೊದಲ ಲಸಿಕೆ ಹಾಕಿದ್ದು 1885ರಲ್ಲಿ. ಅದು ವೈರಸ್ಸಿನಿಂದ ಬರುವ ಕಾಯಿಲೆ, ಬಾಲಕ್ಕೂ ಅದಕ್ಕೂ ಸಂಬಂಧವಿಲ್ಲ. ಆಮೇಲೆ ಬಂದದ್ದು ಕಾಳಗದ ಕಾರಣ: ಎದುರಾಳಿ ಪ್ರಾಣಿ ಕಿವಿಯನ್ನೋ ಬಾಲವನ್ನೋ ಕಚ್ಚಿ ಹಿಡಿಯಬಾರದು. ನಾಯಿ ಕಾಳಗ ನಿಂತಮೇಲೆ ಉಳಿದದ್ದು ನೋಟ. ಡಾಗ್ ಶೋಗಳಲ್ಲಿ ತಳಿಗೊಂದು 'ಮಾದರಿ ರೂಪ' ಬರೆದಿಟ್ಟರು. ಆ ರೂಪಕ್ಕೆ ಹೊಂದದ ಮರಿಗೆ ಬೆಲೆ ಕಡಿಮೆ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಬೇರೆಯೇ ಮಾತು ಕೇಳಿಬರುತ್ತದೆ. ಕಿವಿ ಕೊಯ್ದರೆ ನಾಯಿಗೆ ರೋಷ ಬರುತ್ತದಂತೆ, ಚಿರತೆ ಬಂದರೂ ಹೆದರುವುದಿಲ್ಲವಂತೆ. ಕಾಡಂಚಿನ ಊರುಗಳಲ್ಲಿ ಚಿರತೆಯ ಭಯ ಸುಳ್ಳಲ್ಲ. ಕಟ್ಟಿಹಾಕಿದ ನಾಯಿ ಬೆಳಗಾಗುವುದರೊಳಗೆ ಮಾಯವಾಗುವುದು ಅಲ್ಲಿಯವರಿಗೆ ಹೊಸದಲ್ಲ. ಆದರೆ ರೋಷ ಇರುವುದು ಮಿದುಳಿನಲ್ಲಿ, ಕಿವಿಯ ತುದಿಯಲ್ಲಲ್ಲ. ಹಿಮಾಲಯದ ಕುರಿಗಾಹಿಗಳು ಚಿರತೆಯಿಂದ ಕಾಪಾಡಲು ನಾಯಿಯ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟುತ್ತಾರೆ. ಚಿರತೆ ಬಾಯಿ ಹಾಕುವುದು ಗಂಟಲಿಗೆ ಎಂಬುದನ್ನು ಅವರು ಬಲ್ಲರು. ಕುಡುಗೋಲಿನಿಂದ ಕೊಯ್ದು ಬೂದಿ ಮೆತ್ತಿದ ಕಿವಿಗೆ ಹುಳ ಬಿದ್ದು ಮರಿ ನರಳುವುದು ಮಾತ್ರ ಖಾತ್ರಿಯಾದ ಫಲ.

ಬಾಲ ಆಡುವ ಮಾತು

ಬಾಲ ಸುಮ್ಮನೆ ನೇತಾಡುವ ವಸ್ತುವಲ್ಲ. ಅದು ಬೆನ್ನೆಲುಬಿನ ಮುಂದುವರಿಕೆ. ಒಳಗೆ ಕಶೇರುಗಳು, ಸ್ನಾಯು, ನರ, ರಕ್ತನಾಳ ಎಲ್ಲವೂ ಇವೆ. ಓಡುವಾಗ, ಹಾರುವಾಗ ಸಮತೋಲನಕ್ಕೆ ಬಾಲ ಬೇಕು ಎಂದು ಬಹಳ ಜನ ವಾದಿಸುತ್ತಾರೆ. ನಾನು ಆ ವಾದವನ್ನು ಅಷ್ಟಾಗಿ ಒತ್ತುವುದಿಲ್ಲ, ಮೂರು ಕಾಲಿನಲ್ಲೇ ಚೆನ್ನಾಗಿ ಓಡುವ ನಾಯಿಗಳನ್ನು ನಾವೆಲ್ಲ ನೋಡಿದ್ದೇವೆ. ಬಾಲದ ದೊಡ್ಡ ಕೆಲಸ ಮಾತು.

ಇಟಲಿಯ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ವಿದ್ಯಾರ್ಥಿಗಳಿಗೆ ಇಷ್ಟವಾದೀತು. 30 ನಾಯಿಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಕಿಟಕಿಯಿಂದ ಯಜಮಾನನನ್ನು ತೋರಿಸಿದರು. ಬಾಲ ಹೆಚ್ಚಾಗಿ ಬಲಕ್ಕೆ ವಾಲಿ ಅಲ್ಲಾಡಿತು. ಪರಿಚಯವಿಲ್ಲದ, ಜೋರಿನ ನಾಯಿಯೊಂದನ್ನು ತೋರಿಸಿದರು, ಎಡಕ್ಕೆ ವಾಲಿತು. ಬಲಗಡೆಯ ಸ್ನಾಯುಗಳನ್ನು ಆಳುವುದು ಎಡ ಮಿದುಳು, ಎಡಗಡೆಯದನ್ನು ಬಲ ಮಿದುಳು ಎಂಬ ಪಾಠ ನೆನಪಿಸಿಕೊಳ್ಳಿ. ಅದೇ ತಂಡ 2013ರಲ್ಲಿ ಇನ್ನೊಂದು ಸಂಗತಿ ಹೇಳಿತು: ಎಡಕ್ಕೆ ಅಲ್ಲಾಡುವ ಬಾಲವನ್ನು ಕಂಡ ಬೇರೆ ನಾಯಿಗಳ ಎದೆಬಡಿತ ಏರುತ್ತದೆ. ಅಂದರೆ ಬಾಲದ ಭಾಷೆಯನ್ನು ಓದುವವರೂ ಇದ್ದಾರೆ. ಈ ನಡುವೆ 2008ರಲ್ಲಿ ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದವರು ಒಂದು ಯಂತ್ರದ ನಾಯಿ ಮಾಡಿ ಅದಕ್ಕೆ ಒಮ್ಮೆ ಉದ್ದ ಬಾಲ, ಒಮ್ಮೆ ಮೋಟು ಬಾಲ ಜೋಡಿಸಿ ಬಯಲಿನಲ್ಲಿ ನಿಲ್ಲಿಸಿದ್ದರು. ಉದ್ದ ಬಾಲ ಅಲ್ಲಾಡುತ್ತಿದ್ದರೆ ದೊಡ್ಡ ನಾಯಿಗಳು ಸಲೀಸಾಗಿ ಹತ್ತಿರ ಬಂದವು, ಬಾಲ ನಿಶ್ಚಲವಾಗಿದ್ದರೆ ಅನುಮಾನಿಸಿದವು. ಮೋಟು ಬಾಲವಾದರೆ, ಅದು ಅಲ್ಲಾಡಿದರೂ ನಿಂತರೂ ಅವಕ್ಕೆ ಒಂದೇ. ಮೋಟು ಬಾಲದ ನಾಯಿ ತೊದಲುತ್ತದೆ ಎನ್ನಬಹುದು.

ನಮ್ಮ ಬಿಳಿಗಿರಿರಂಗನ ಬೆಟ್ಟದ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿರುವ ಸೀಳುನಾಯಿಯನ್ನೇ ನೋಡಿ. ಕೆಂಪು ಮೈ, ದುಂಡನೆಯ ನೆಟ್ಟ ಕಿವಿ, ಕಪ್ಪು ಕುಚ್ಚಿನ ಬಾಲ. ನಮ್ಮದೇ ಜಿಲ್ಲೆಯ ಬಂಡೀಪುರದಲ್ಲಿ 1970ರ ದಶಕದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಅವರು ಈ ಪ್ರಾಣಿಯನ್ನು ಹಿಂಬಾಲಿಸಿ ಅಧ್ಯಯನ ಮಾಡಿದ್ದರು. ಗುಂಪಾಗಿ ಬೇಟೆಯಾಡಿ ಗುಂಪಾಗಿ ಮರಿ ಸಾಕುವ ಜೀವಿಗೆ ಒಂದಕ್ಕೊಂದರ ಮನಸ್ಸು ತಿಳಿಯುವುದು ಹೊಟ್ಟೆಪಾಡಿನ ವಿಷಯ. ಇನ್ನು ಮುಧೋಳದ ನಾಯಿ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ನಮ್ಮ ರಾಜ್ಯದ ತಳಿ ಅದು. ಅದರ ಬಾಲ ಚಾಟಿಯಂತೆ ಉದ್ದ. ಯಾರೂ ಕತ್ತರಿಸಹೋಗಿಲ್ಲ, ಅದರ ಅಂದಕ್ಕೇನೂ ಕುಂದು ಬಂದಿಲ್ಲ.

ಎಳೆಮರಿಗೆ ನೋವೇ ಇಲ್ಲವೆ?

ಕತ್ತರಿಸುವವರು ಹೇಳುವ ದೊಡ್ಡ ಸಮಾಧಾನ ಇದು: ಮೂರು ದಿನದ ಮರಿಯ ನರಗಳಿಗೆ ಮಯಲಿನ್ ಹೊದಿಕೆ ಇನ್ನೂ ಬಲಿತಿರುವುದಿಲ್ಲ, ಹಾಗಾಗಿ ನೋವಾಗದು. ಅರ್ಧ ವಿಜ್ಞಾನ ಎಷ್ಟು ಅಪಾಯ ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ. ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ಕಿನಂತೆ ಮಯಲಿನ್ ನರದ ಸಂದೇಶಕ್ಕೆ ವೇಗ ಕೊಡುತ್ತದೆ, ನಿಜ. ಆದರೆ ಬೆಳೆದ ನಮ್ಮ ನಿಮ್ಮ ದೇಹದಲ್ಲೂ ಸುಡುವ, ಕೊರೆಯುವ ನೋವನ್ನು ಒಯ್ಯುವ ಸಿ-ತಂತುಗಳಿಗೆ ಮಯಲಿನ್ ಇರುವುದೇ ಇಲ್ಲ! ಹೊದಿಕೆ ಇಲ್ಲದಿದ್ದರೆ ಸಂದೇಶ ತಡವಾಗಿ ತಲುಪುತ್ತದೆ, ನಿಂತುಹೋಗುವುದಿಲ್ಲ.

ಇದೇ ತಪ್ಪು ತಿಳಿವಳಿಕೆಯಿಂದ 1980ರ ದಶಕದವರೆಗೂ ಮುಂದುವರಿದ ದೇಶಗಳಲ್ಲೇ ನವಜಾತ ಶಿಶುಗಳಿಗೆ ಸಾಕಷ್ಟು ನೋವುನಿವಾರಕ ಕೊಡದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಭಾರತೀಯ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ 1987ರಲ್ಲಿ ಪ್ರಕಟಿಸಿದ ಅಧ್ಯಯನಗಳು, ಎಳೆಗೂಸಿನ ದೇಹವೂ ನೋವಿಗೆ ತೀವ್ರವಾಗಿ ಸ್ಪಂದಿಸುತ್ತದೆಂದು ತೋರಿಸಿದ ಮೇಲೆ ಪದ್ಧತಿ ಬದಲಾಯಿತು. ನಾಯಿಮರಿಯ ವಿಚಾರಕ್ಕೆ ಬಂದರೆ, ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಪ್ರಕಟವಾದ ಅವಲೋಕನದಲ್ಲಿ 50 ಮರಿಗಳ ಬಾಲ ಕತ್ತರಿಸುವುದನ್ನು ಗಮನಿಸಿದ್ದರು. ಎಲ್ಲ ಮರಿಗಳೂ ಆ ಗಳಿಗೆಯಲ್ಲಿ ಕಿರುಚಿ ಒದ್ದಾಡಿದವು. ಕೆಲವೇ ನಿಮಿಷಗಳಲ್ಲಿ ಸುಮ್ಮನಾಗಿ ಮಲಗಿದವು ಎಂಬುದನ್ನೂ ಹೇಳಬೇಕು. ಆ ನಿದ್ದೆಯನ್ನು ಒಬ್ಬರು 'ನೋವಿಲ್ಲ' ಎಂದು ಓದುತ್ತಾರೆ, ಇನ್ನೊಬ್ಬರು 'ಬಳಲಿಕೆ' ಎಂದು. ಕಿರುಚಿದ್ದನ್ನು ಮಾತ್ರ ಯಾರೂ ಬೇರೆಯಾಗಿ ಓದುವಂತಿಲ್ಲ.

ಕತ್ತರಿಸಬೇಕೆನ್ನುವವರ ವಾದ ಪೂರ್ತಿ ಟೊಳ್ಳೇನೂ ಅಲ್ಲ. ಪೊದೆಗಳಲ್ಲಿ ನುಗ್ಗಿ ಹಕ್ಕಿ ಎಬ್ಬಿಸುವ ಸ್ಪ್ಯಾನಿಯಲ್ ನಾಯಿಗಳ ಬಾಲ ಮುಳ್ಳಿಗೆ ಬಡಿದು ಗಾಯವಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ನಡೆದ ಸಮೀಕ್ಷೆಯಲ್ಲಿ ಬೇಟೆಗೆ ಹೋಗುವ, ಬಾಲವಿರುವ ಸ್ಪ್ಯಾನಿಯಲ್‌ಗಳಲ್ಲಿ ಅರ್ಧಕ್ಕೂ ಹೆಚ್ಚಿಗೆ ಒಂದೇ ಋತುವಿನಲ್ಲಿ ಬಾಲಕ್ಕೆ ಪೆಟ್ಟಾಗಿತ್ತು. 2007ರಲ್ಲಿ ಡಾಕಿಂಗನ್ನು ಪೂರ್ತಿ ನಿಷೇಧಿಸಿದ್ದ ಸ್ಕಾಟ್ಲೆಂಡ್, 2017ರಲ್ಲಿ ಅಂಥ ದುಡಿಯುವ ನಾಯಿಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಸರಿ. ಆದರೆ ಗೇಟಿನ ಹಿಂದೆ ಸರಪಳಿಯಲ್ಲಿರುವ ಡಾಬರ್‌ಮನ್ ಯಾವ ಪೊದೆಗೆ ನುಗ್ಗಬೇಕು? ಬ್ರಿಟನ್ನಿನಲ್ಲೇ 1,38,000 ನಾಯಿಗಳ ದಾಖಲೆ ನೋಡಿ 2010ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದು ಬಾಲದ ಗಾಯ ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕು. ಜೋಲುಕಿವಿಗೆ ಸೋಂಕು ಜಾಸ್ತಿ ಎನ್ನುವ ವಾದವೂ ಇದೆ. ಹಾಗಿದ್ದರೆ ಮೊದಲು ಕೊಯ್ಯಬೇಕಾದದ್ದು ಕಿವಿಸೋಂಕಿಗೆ ಹೆಸರಾದ ಕಾಕರ್ ಸ್ಪ್ಯಾನಿಯಲ್‌ನ ಕಿವಿಯನ್ನು. ಅದನ್ನು ಯಾರೂ ಮುಟ್ಟುವುದಿಲ್ಲ, ಜೋತುಬಿದ್ದರೇ ಅದಕ್ಕೆ ಚೆಂದವಂತೆ!

ಎತ್ತಿಗೆ ಮೂಗುದಾರ ಹಾಕುವುದಿಲ್ಲವೇ?

ಪೋಷಕರ ಸಭೆಯಲ್ಲಿ ಈ ಮಾತು ಬಂದಾಗ ರೈತರೊಬ್ಬರು ಕೇಳಿದರು: "ಮೇಷ್ಟ್ರೇ, ನಾವು ಹೋರಿಗೆ ಬೀಜ ಒಡೆಸ್ತೀವಿ, ಮೂಗು ಚುಚ್ಚಿ ದಾರ ಹಾಕ್ತೀವಿ. ಅಷ್ಟೇಕೆ, ಮಕ್ಕಳಿಗೇ ಕಿವಿ ಚುಚ್ಚಿಸ್ತೀವಿ. ನಾಯಿ ಬಾಲಕ್ಕೆ ಮಾತ್ರ ಯಾಕೆ ಇಷ್ಟು ರಂಪ?" ಒಳ್ಳೆಯ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ಕಾನೂನೂ ಇದನ್ನು ಯೋಚಿಸಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೇ ಕಲಮು ಪ್ರಾಣಿಯ ಅಂಗವಿಕಲಗೊಳಿಸುವುದನ್ನು ಅಪರಾಧವೆನ್ನುತ್ತದೆ. ಅದೇ ಕಲಮು ದನದ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು ಇವನ್ನು ಗೊತ್ತುಪಡಿಸಿದ ರೀತಿಯಲ್ಲಿ ಮಾಡಿದರೆ ವಿನಾಯಿತಿ ಎನ್ನುತ್ತದೆ. ಬೇಸಾಯಗಾರನ ಕಷ್ಟ ಕಾನೂನಿಗೆ ಗೊತ್ತಿತ್ತು. ಆ ಪಟ್ಟಿಯಲ್ಲಿ ನಾಯಿಯ ಬಾಲವೂ ಇಲ್ಲ, ಕಿವಿಯೂ ಇಲ್ಲ. ಮೂಗುದಾರವಿಲ್ಲದ ಎತ್ತನ್ನು ಗಾಡಿಗೆ ಹೂಡುವುದು ಕಷ್ಟ. ಬಾಲವಿರುವ ನಾಯಿ ಮನೆ ಕಾಯದೇ ಇರುತ್ತದೆಯೇ?

ಆದರೂ ಕಾನೂನಿನ ಜಗಳ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. 2011ರಲ್ಲಿ ಭಾರತೀಯ ಪಶುವೈದ್ಯಕೀಯ ಪರಿಷತ್ತು, ಚಿಕಿತ್ಸೆಯ ಅಗತ್ಯವಿಲ್ಲದೆ ಬಾಲ, ಕಿವಿ ಕತ್ತರಿಸಬಾರದೆಂದು ಸೂಚಿಸಿತು. ಕೆನಲ್ ಕ್ಲಬ್ ಆಫ್ ಇಂಡಿಯಾ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿತು. 2013ರಲ್ಲಿ ನ್ಯಾಯಾಲಯ ಆ ಸೂಚನೆಯನ್ನು ರದ್ದುಮಾಡಿತು. (1956ಕ್ಕೆ ಮುಂಚೆ ಮದ್ರಾಸಿನ ತೀರ್ಪು ಕೊಳ್ಳೇಗಾಲಕ್ಕೂ ನೇರವಾಗಿ ಅನ್ವಯಿಸುತ್ತಿತ್ತು, ಹಳಬರಿಗೆ ನೆನಪಿರಬಹುದು.) 1960ರ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ! ಸಾವಿರಾರು ರೂಪಾಯಿಗೆ ಮರಿ ಮಾರುವವನನ್ನು ಅದು ಹೇಗೆ ತಡೆದೀತು?

ಯೂರೋಪಿನ ಹಲವು ದೇಶಗಳು 1987ರ ಸಾಕುಪ್ರಾಣಿ ಒಪ್ಪಂದದ ಮೇರೆಗೆ ಎರಡನ್ನೂ ನಿಷೇಧಿಸಿವೆ. ಡಾಬರ್‌ಮನ್ ಹುಟ್ಟಿದ ಜರ್ಮನಿಯಲ್ಲೇ 1998ರಿಂದ ಬಾಲ ಕತ್ತರಿಸುವಂತಿಲ್ಲ. ಮೋಟು ಬಾಲವೇ ಬೇಕೆನ್ನುವವರಿಗೆ ಬ್ರಿಟನ್ನಿನ ತಳಿವಿಜ್ಞಾನಿ ಬ್ರೂಸ್ ಕಟಾನಾಕ್ 1990ರ ದಶಕದಲ್ಲಿ ಒಂದು ದಾರಿ ತೋರಿಸಿದರು. ಹುಟ್ಟುತ್ತಲೇ ಮೋಟು ಬಾಲವಿರುವ ಕಾರ್ಗಿ ನಾಯಿಯನ್ನು ಬಾಕ್ಸರ್ ಜೊತೆ ಕೂಡಿಸಿ, ಮತ್ತೆ ಮತ್ತೆ ಬಾಕ್ಸರ್‌ಗಳೊಡನೆ ಬೆರೆಸಿ, ಕೆಲವೇ ತಲೆಮಾರುಗಳಲ್ಲಿ ಕತ್ತರಿ ಬೇಡದ ಮೋಟು ಬಾಲದ ಬಾಕ್ಸರ್ ಪಡೆದರು. ಅದು ಪ್ರಬಲ ಜೀನು; ಆದರೆ ಎರಡು ಪ್ರತಿ ಒಟ್ಟಾದ ಭ್ರೂಣ ಬದುಕುವುದಿಲ್ಲ. ಹಾಗಾದರೆ ಎರಡು ಮೋಟು ಬಾಲದ ನಾಯಿಗಳಿಗೆ ಹುಟ್ಟುವ ಮರಿಗಳಲ್ಲಿ ಎಷ್ಟು ಪಾಲಿಗೆ ಉದ್ದ ಬಾಲ? ಮಕ್ಕಳು ಚೌಕ ಬರೆದು ಲೆಕ್ಕ ಹಾಕಲಿ.

ಬೀದಿನಾಯಿಯ ಕಿವಿಯಲ್ಲಿ ಸಣ್ಣ ಕಚ್ಚು ಕಂಡರೆ ಅದನ್ನು ಇದರೊಡನೆ ಸೇರಿಸಬೇಡಿ. ಸಂತಾನಹರಣ ಚಿಕಿತ್ಸೆ ಆಗಿದೆ ಎಂದು ದೂರದಿಂದಲೇ ತಿಳಿಯಲಿ ಎಂದು ಅರಿವಳಿಕೆಯಲ್ಲಿದ್ದಾಗಲೇ ಮಾಡುವ ಗುರುತು ಅದು. ಅದೇ ನಾಯಿಯನ್ನು ಮತ್ತೆ ಹಿಡಿದು ಹೊಟ್ಟೆ ಕೊಯ್ಯುವುದು ತಪ್ಪುತ್ತದೆ.

ಈ ರಜೆಯಲ್ಲಿ ಮಗ ಮರಿ ಬೇಕೆಂದು ಹಟ ಹಿಡಿದಿದ್ದರೆ ಒಂದು ವಿಷಯ ಗಮನದಲ್ಲಿರಲಿ. 2017ರ ಕೇಂದ್ರ ನಿಯಮದಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅಂದರೆ ನೀವು ಮರಿ ನೋಡುವ ಹೊತ್ತಿಗೆ ಅದರ ಬಾಲದ ತೀರ್ಮಾನ ಆಗಿಹೋಗಿರುತ್ತದೆ. ಬಾಲ ಉಳಿಯಬೇಕೆಂದರೆ ತಾಯಿನಾಯಿ ಗಬ್ಬವಿರುವಾಗಲೇ ಸಾಕಿದವರಿಗೆ ಹೇಳಿ ಮುಂಗಡ ಕೊಡಬೇಕು. ಕಿವಿ ಮಾತ್ರ ಇನ್ನೂ ನಿಮ್ಮ ಕೈಯಲ್ಲಿರುತ್ತದೆ. ಮರಿ ಮನುಷ್ಯರನ್ನೂ ಜಗತ್ತನ್ನೂ ಪರಿಚಯ ಮಾಡಿಕೊಳ್ಳುವುದು ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ. ಕಿವಿ ಕೊಯ್ದು ಪಟ್ಟಿ ಸುತ್ತುವುದೂ ಅದೇ ವಾರಗಳ ಕೊನೆಗೆ. ಆಗ ಪಶು ಆಸ್ಪತ್ರೆಗೆ ಹೋಗಬೇಕಾದ ಕೆಲಸ ಬೇರೆ ಇದೆ: ಪಾರ್ವೊ, ಡಿಸ್ಟೆಂಪರ್ ಲಸಿಕೆ, ಜಂತುಹುಳುವಿನ ಔಷಧಿ, ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಚುಚ್ಚುಮದ್ದು.