ಕಾವು: ನಾಟಿ ಕೋಳಿ ಸಾಕಣೆಯ ಜನಪದ ಅರಿವು ಮತ್ತು ಅರ್ಥವ್ಯವಸ್ಥೆ

ನಮ್ಮ ಜಾನಪದ ಅಧ್ಯಯನದ ಗಮನ ಬಹುಕಾಲ ಹಾಡು, ಕಥೆ, ಮಹಾಕಾವ್ಯ, ಆಚರಣೆಗಳ ಕಡೆಗೇ ಹರಿದಿತ್ತು. ಕೋಳಿಯನ್ನೇ ತೆಗೆದುಕೊಂಡರೆ, ಗಾದೆಯಲ್ಲಿ, ಒಗಟಿನಲ್ಲಿ, ಹರಕೆಯಲ್ಲಿ ಕಾಣಿಸಿಕೊಂಡಾಗ ಮಾತ್ರ ಅದು ಸಂಗ್ರಹಕಾರರ ಟಿಪ್ಪಣಿಗೆ ಸೇರಿದೆ. ಅದನ್ನು ಸಾಕುವ ಕೈಗಳ ಅರಿವು, ಅದಕ್ಕೆ ಚೆಲ್ಲುವ ಕಾಳಿನ ಲೆಕ್ಕ, ಅದರಿಂದ ಬರುವ ಪುಡಿಗಾಸಿನ ವಿನಿಯೋಗ ಇವು ‘ಪಶುಸಂಗೋಪನೆ’ಯ ವಿಷಯಗಳೆಂದು ಹೊರಗುಳಿದವು. ಇತ್ತ ಪಶುವೈದ್ಯ ವಿಜ್ಞಾನವು ಹಿತ್ತಿಲ ಕೋಳಿಯನ್ನು ‘ಕಡಿಮೆ ಇಳುವರಿಯ ಸ್ಥಳೀಯ ಹಕ್ಕಿ’ ಎಂದು ವರ್ಗೀಕರಿಸಿತು. ಎರಡು ಶಿಸ್ತುಗಳ ನಡುವೆ ಬಿಟ್ಟುಹೋದ ಈ ಅರಿವನ್ನು ಹಳೆಯ ಮೈಸೂರು ಸೀಮೆಯ ರೂಢಿಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾಟಿ ಕೋಳಿ ಸಾಕಣೆಯ ನಿಜವಾದ ಬಂಡವಾಳ ಮೊಟ್ಟೆಯೂ ಅಲ್ಲ, ಮಾಂಸವೂ ಅಲ್ಲ. ಅದು ಹೇಟೆಯ ಕಾವು ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ಕಾವಿಗೆ ಕೂರಿಸುವ ಕ್ರಮ

ನಾಟಿ ಹೇಟೆಯು ಒಂದು ಸರದಿಯಲ್ಲಿ ಸಾಮಾನ್ಯವಾಗಿ 12ರಿಂದ 15 ಮೊಟ್ಟೆಗಳನ್ನಿಟ್ಟು ಕಾವಿಗೆ ಬರುತ್ತದೆ. ಗೂಡು ಬಿಟ್ಟು ಏಳದಿರುವುದು, ಮುಟ್ಟಹೋದರೆ ಗರಿ ಕೆದರುವುದು, ದನಿ ಬದಲಾಗುವುದು ಇದರ ಲಕ್ಷಣಗಳು. ಆಗ ಮನೆಯ ಹೆಂಗಸರು ಹಳೆಯ ಮಂಕರಿಯಲ್ಲಿ ಬೂದಿ, ಮರಳು ಅಥವಾ ಹೊಟ್ಟನ್ನು ಹರಡಿ, ಅದರ ಮೇಲೆ ಹುಲ್ಲು ಹಾಸಿ, ಆರಿಸಿದ ಮೊಟ್ಟೆಗಳನ್ನಿಡುತ್ತಾರೆ. ಬೆಸ ಸಂಖ್ಯೆಯ ಮೊಟ್ಟೆಗಳನ್ನೇ ಇಡಬೇಕು, ಅಮಾವಾಸ್ಯೆಯಂದು ಕೂರಿಸಬಾರದು ಎಂಬ ಕಟ್ಟಳೆಗಳುಂಟು. ಕಾವಿನ ಮೊಟ್ಟೆಗಳಿಗೆ ಇದ್ದಿಲಿನಿಂದ ಗುರುತು ಹಾಕುವ ರೂಢಿಯೂ ಇದೆ. ಬೇರೆ ಕೋಳಿಗಳು ಅದೇ ಮಂಕರಿಯಲ್ಲಿ ಹೊಸ ಮೊಟ್ಟೆಯಿಟ್ಟರೆ ಅದನ್ನು ಕೂಡಲೇ ಗುರುತಿಸಿ ತೆಗೆಯಲು ಇದು ನೆರವಾಗುತ್ತದೆ. ಇಲ್ಲದಿದ್ದರೆ ಕೆಲವು ಮೊಟ್ಟೆಗಳು ಮೊದಲೇ ಒಡೆದು, ತಾಯಿ ಮರಿಗಳೊಡನೆ ಎದ್ದುಹೋಗಿ, ತಡವಾಗಿ ಸೇರಿದವು ತಣ್ಣಗಾಗಿ ಕೆಡುತ್ತವೆ.

ಈ ಕಟ್ಟಳೆಗಳಲ್ಲಿ ಗುಡುಗಿನದು ವಿಶೇಷ ಗಮನಕ್ಕೆ ಅರ್ಹವಾಗಿದೆ. ಗುಡುಗಿಗೆ ಮೊಟ್ಟೆ ಕೆಡುತ್ತದೆಂಬ ನಂಬಿಕೆಯಿಂದ ಮಂಕರಿಯಲ್ಲಿ ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿಗಳನ್ನು ಇಡುತ್ತಾರೆ. ಕಬ್ಬಿಣವು ಮೊಟ್ಟೆಯನ್ನು ಕಾಯುತ್ತದೆಂದು ವಿಜ್ಞಾನವು ಒಪ್ಪದು. ಆದರೆ ಗುಡುಗಿನ ಕಾಲವೆಂದರೆ ಮುಂಗಾರಿನ ಹಿಂದಿನ ಸೆಕೆಯ ಕಾಲ. ಸುತ್ತಲಿನ ಉಷ್ಣತೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಾವಿಗಿಡದ ಮೊಟ್ಟೆಯೊಳಗೂ ಭ್ರೂಣದ ಬೆಳವಣಿಗೆ ಅರೆಬರೆಯಾಗಿ ಆರಂಭವಾಗಿ ನಿಂತುಹೋಗುತ್ತದೆ. ಅಂತಹ ಮೊಟ್ಟೆ ಮರಿಯಾಗುವುದು ಕಡಿಮೆ. ಜನಪದರು ಕಾರಣವನ್ನು ಗುಡುಗಿಗೆ ಆರೋಪಿಸಿದರೂ ಕಾಲವನ್ನು ಸರಿಯಾಗಿಯೇ ಗುರುತಿಸಿದ್ದಾರೆ. ಕೂರಿಸಬೇಕಾದ ಮೊಟ್ಟೆಗಳನ್ನು ರಾಗಿಯ ಮಡಕೆಯಲ್ಲಿ ಹುದುಗಿಸಿ ತಂಪಿನ ಮೂಲೆಯಲ್ಲಿಡುವ ರೂಢಿಯೂ ಇದೇ ತಿಳಿವಳಿಕೆಯ ಇನ್ನೊಂದು ಮುಖ.

ಕಾವಿನ ಅವಧಿ 21 ದಿನ. ವಾರ ಕಳೆದ ಮೇಲೆ ಕತ್ತಲಲ್ಲಿ ದೀಪದ ಬೆಳಕಿಗೆ ಮೊಟ್ಟೆಯನ್ನು ಹಿಡಿದು, ರಕ್ತನಾಳಗಳ ಎಳೆ ಕಾಣದವುಗಳನ್ನು ಬೇರ್ಪಡಿಸುತ್ತಾರೆ. ಕೊನೆಯ ದಿನಗಳಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಮೊಟ್ಟೆಯನ್ನು ತೇಲಿಬಿಟ್ಟು, ಅದು ಅಲುಗಾಡಿದರೆ ಮರಿಗೆ ಜೀವವಿದೆಯೆಂದು ತಿಳಿಯುತ್ತಾರೆ. ಮರಿ ಬೇಡವಾದಾಗ ಕಾವನ್ನು ಬಿಡಿಸುವ ಉಪಾಯಗಳೂ ಉಂಟು: ಹೇಟೆಯನ್ನು ತಣ್ಣೀರಿನಲ್ಲಿ ಅದ್ದುವುದು, ಅದರ ಮೂಗಿನ ಹೊಳ್ಳೆಗಳಲ್ಲಿ ಗರಿ ತೂರಿಸುವುದು, ಗೂಡಿನಿಂದ ದೂರ ಕಟ್ಟುವುದು. ಹಕ್ಕಿಗೆ ಹಿಂಸೆಯಾದರೂ ಉದ್ದೇಶ ಸ್ಪಷ್ಟವಾಗಿದೆ. ಕಾವಿನಲ್ಲಿ ಕುಳಿತ ಕೋಳಿ ಮೊಟ್ಟೆಯಿಡದು. ಕಾವು ಬಿಟ್ಟರೆ ಕೆಲ ವಾರಗಳಲ್ಲಿ ಮತ್ತೆ ಇಡತೊಡಗುತ್ತದೆ. ಮೊಟ್ಟೆ ಬೇಕೇ ಮರಿ ಬೇಕೇ ಎಂಬ ಆಯ್ಕೆ ಮನೆಯೊಡತಿಯ ಕೈಯಲ್ಲಿರುತ್ತದೆ.

ಮೇವು: ತಿಪ್ಪೆ, ಕಣ, ಸಂಜೆಯ ಹಿಡಿಕಾಳು

ವಾಣಿಜ್ಯ ಕೋಳಿ ಫಾರಂಗಳಲ್ಲಿ ಒಟ್ಟು ಖರ್ಚಿನ ಸುಮಾರು ಶೇ. 60ರಿಂದ 70ರಷ್ಟು ಆಹಾರಕ್ಕೇ ಹೋಗುತ್ತದೆ. ಮೊಟ್ಟೆಯಿಡುವ ಫಾರಂ ಕೋಳಿಯೊಂದು ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯ ಬೆಲೆ ಏರಿದಂತೆಲ್ಲ ಸಾಕಣೆದಾರನ ಲಾಭ ಕರಗುತ್ತದೆ. ನಾಟಿ ಕೋಳಿಯ ಲೆಕ್ಕ ಬೇರೆ. ತಿಪ್ಪೆಯ ಹುಳು, ಕಣದಲ್ಲಿ ಉದುರಿದ ಕಾಳು, ಕೊಟ್ಟಿಗೆಯ ಸಗಣಿಯಲ್ಲಿನ ಮರಿಹುಳು, ಬೇಲಿಯ ಎಳೆಸೊಪ್ಪು, ಮುಸುರೆಯ ಅಗುಳು ಅದರ ಆಹಾರ. ಮರಿಗಳಿಗೆ ಮೊದಲ ವಾರಗಳಲ್ಲಿ ರಾಗಿ ಅಥವಾ ಅಕ್ಕಿಯ ನುಚ್ಚು ಹಾಕಿ, ಹುತ್ತದಿಂದ ಗೆದ್ದಲನ್ನು ತಂದು ಉದುರಿಸುತ್ತಾರೆ. ನುಚ್ಚು ಶಕ್ತಿಯನ್ನೂ ಗೆದ್ದಲು ಸಸಾರಜನಕವನ್ನೂ ಒದಗಿಸುವುದರಿಂದ ಕಾಸಿಲ್ಲದೆ ಸಮತೋಲನದ ಆಹಾರವೊಂದು ಏರ್ಪಡುತ್ತದೆ.

ಸಂಜೆ ಅಂಗಳದಲ್ಲಿ ಚೆಲ್ಲುವ ಹಿಡಿಕಾಳಿಗೆ ಹೊಟ್ಟೆ ತುಂಬಿಸುವುದಕ್ಕಿಂತ ಹೆಚ್ಚಿನ ಕೆಲಸವಿದೆ. ಕರೆಯುವ ದನಿಯನ್ನು ಕೋಳಿಗಳು ಅದರಿಂದಲೇ ಕಲಿಯುತ್ತವೆ, ಹೊತ್ತಿಗೆ ಗೂಡಿಗೆ ಮರಳುತ್ತವೆ. ಒಡತಿಗೆ ತಲೆ ಎಣಿಸಲು, ತೂಕಡಿಸುವ ಹಕ್ಕಿಯನ್ನು ಗುರುತಿಸಿ ಬೇರೆಯಿಡಲು ಅವಕಾಶವಾಗುತ್ತದೆ. ಅದೊಂದು ದಿನನಿತ್ಯದ ತಪಾಸಣೆ.

ಮೇವಿನ ಈ ಮೂಲವೇ ಸಾಕಣೆಯ ಮಿತಿಯನ್ನೂ ನಿರ್ಧರಿಸುತ್ತದೆ. ಒಂದು ಅಂಗಳ, ಒಂದು ತಿಪ್ಪೆ ಇಂತಿಷ್ಟೇ ಕೋಳಿಗಳಿಗೆ ಸಾಕಾಗುತ್ತದೆ. ಅದನ್ನು ಮೀರಿದರೆ ಎಲ್ಲವೂ ಸೊರಗುತ್ತವೆ, ಇಲ್ಲವೇ ಮೇವು ಕೊಳ್ಳಬೇಕಾಗುತ್ತದೆ. ಮನೆಗೆ ನಾಲ್ಕಾರು ಹೇಟೆ, ಒಂದು ಹುಂಜ ಎಂಬ ರೂಢಿಯನ್ನು ಜಡತೆಯೆಂದು ಭಾವಿಸುವುದು ಸರಿಯಲ್ಲ. ಅದು ಪುಕ್ಕಟೆಯಾಗಿ ದೊರೆಯುವ ಮೇವಿನ ಅಳತೆಯನ್ನು ಬಲ್ಲವರ ತೀರ್ಮಾನ.

ಪಾಲು, ಹರಕೆ, ಹಬ್ಬ

ಕೋಳಿಯಿಲ್ಲದವರಿಗೆ ಹೇಟೆಯನ್ನು ‘ಪಾಲಿಗೆ’ ಕೊಟ್ಟು, ಹುಟ್ಟಿದ ಮರಿಗಳನ್ನು ಸಮನಾಗಿ ಹಂಚಿಕೊಳ್ಳುವ ಪದ್ಧತಿಯು ಬಂಡವಾಳವಿಲ್ಲದ ಮನೆಗೆ ಸಾಕಣೆಯ ಬಾಗಿಲು ತೆರೆಯುತ್ತದೆ. ಕೊಟ್ಟವರ ಕೋಳಿಗಳು ಹಲವು ಮನೆಗಳಲ್ಲಿ ಹಂಚಿಹೋಗುವುದರಿಂದ ಒಂದು ಗೂಡಿಗೆ ಕಾಡುಬೆಕ್ಕು ನುಗ್ಗಿದರೂ ಎಲ್ಲವೂ ನಾಶವಾಗುವುದಿಲ್ಲ. ಇಂತಹ ಒಪ್ಪಂದಗಳು ಬಹುತೇಕ ಹೆಂಗಸರ ನಡುವೆಯೇ ನಡೆಯುತ್ತವೆ. ಇವಕ್ಕೆ ಪತ್ರವಿಲ್ಲ, ಮಾತೇ ಆಧಾರ.

ಹರಕೆಯ ಹುಂಜ ಮಾರಾಟದಿಂದ ಹೊರಗುಳಿದದ್ದು. ಮೈಬಣ್ಣ, ನಿಲುವು ನೋಡಿ ಮರಿಯಲ್ಲೇ ಗುರುತಿಸಿಟ್ಟ ಹಕ್ಕಿ ಜಾತ್ರೆಯವರೆಗೆ ಮಂದೆಯಲ್ಲಿ ಉಳಿದು ಹೇಟೆಗಳೊಡನೆ ಕೂಡುತ್ತದೆ. ಜಾತ್ರೆಯ ನಂತರ ಹೊಸ ಹುಂಜ ಆ ಸ್ಥಾನಕ್ಕೆ ಬರುತ್ತದೆ. ಹರಕೆ ಹೀಗೆ ತಳಿ ಆಯ್ಕೆಯ ಕೆಲಸವನ್ನೂ ತಿಳಿಯದೆಯೇ ಮಾಡುತ್ತ ಬಂದಿದೆ. 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯು ದೇವಾಲಯದ ಆವರಣದಲ್ಲಿ ಬಲಿಯನ್ನು ನಿಷೇಧಿಸಿದ ಮೇಲೂ ಹರಕೆಗೆಂದು ಹುಂಜ ಬಿಡುವ ಸಂಪ್ರದಾಯ ಮನೆಗಳಲ್ಲಿ ಉಳಿದಿದೆ.

ಮಾರಾಟದ ಕಾಲವನ್ನು ಹಬ್ಬದ ಪಂಚಾಂಗ ನಿರ್ಧರಿಸುತ್ತದೆ. ಶ್ರಾವಣದಲ್ಲಿ ಹಲವು ಮನೆಗಳು ಮಾಂಸ ಬಿಡುವುದರಿಂದ ಬೇಡಿಕೆ ಕುಸಿಯುತ್ತದೆ. ಮಹಾಲಯದ ಹಿರಿಯರ ಪೂಜೆ, ಮಾರಿಹಬ್ಬ, ಯುಗಾದಿಯ ಮರುದಿನದ ವರ್ಷದೊಡಕು ಇವು ಏರಿಕೆಯ ದಿನಗಳು. ನಾಟಿ ಹುಂಜ ಮಾರಾಟದ ತೂಕಕ್ಕೆ ಬರಲು ಐದಾರು ತಿಂಗಳು ಬೇಕು. ಆದ್ದರಿಂದ ವರ್ಷದೊಡಕಿಗೆ ಮಾರುವ ಹುಂಜದ ಮೊಟ್ಟೆ ಮಹಾಲಯದ ಆಸುಪಾಸಿನಲ್ಲೇ ಕಾವಿಗೆ ಕೂರಬೇಕು. ಬಿಸಿಲಿನ ಕಾವನ್ನು ತಪ್ಪಿಸುವ ಕಟ್ಟಳೆಯೂ ಸಂತೆಯ ಲೆಕ್ಕವೂ ಇಲ್ಲಿ ಒಂದಾಗುತ್ತವೆ.

ಈ ಹಣ ಯಾರದು ಎಂಬ ಪ್ರಶ್ನೆಯೂ ಮುಖ್ಯ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ಬೀಗಿ, ಕೋಳಿಯೊಡನೆ ಊರು ಬಿಟ್ಟುಹೋದ ಮುದುಕಿಯ ಕಥೆಯನ್ನು ನಾವು ಜಂಬದ ಅಣಕವೆಂದೇ ಓದುತ್ತೇವೆ. ಆದರೆ ಆಕೆಗೆ ಇದ್ದದ್ದು ಒಂದು ಕೋಳಿ, ಒಂದು ಅಗ್ಗಿಷ್ಟಿಕೆ. ಹೊಲದ ಬೆಳೆ, ದನದ ವ್ಯಾಪಾರ ಗಂಡಸಿನ ಲೆಕ್ಕಕ್ಕೆ ಸೇರಿದಾಗ ಕೋಳಿ ಮಾತ್ರ ಹೆಣ್ಣಿನ ಲೆಕ್ಕದಲ್ಲಿ ಉಳಿಯಿತು. ಅಂಗಡಿಗೆ ಮೊಟ್ಟೆ ಕೊಟ್ಟು ಉಪ್ಪು, ಎಣ್ಣೆ ತರುತ್ತಿದ್ದ ದಿನಗಳಿಂದ ಮಗುವಿನ ಪುಸ್ತಕ, ಮಗಳ ಬಳೆಯವರೆಗೆ ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಹಣವದು.

ಸುಧಾರಿತ ತಳಿ ಮತ್ತು ಕಾವಿನ ಪ್ರಶ್ನೆ

ಹಿತ್ತಿಲ ಸಾಕಣೆಗೆಂದೇ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯು 1980ರ ದಶಕದ ಕೊನೆಯಲ್ಲಿ ಬಳಕೆಗೆ ಬಂತು. 2005ರಲ್ಲಿ ಸ್ವರ್ಣಧಾರ ಬಿಡುಗಡೆಯಾಯಿತು. ಬಣ್ಣದ ಗರಿ, ಬೇಗ ಬರುವ ತೂಕ, ವರ್ಷಕ್ಕೆ ನೂರಕ್ಕೂ ಮಿಕ್ಕ ಮೊಟ್ಟೆ ಇವುಗಳ ಹಿರಿಮೆ. ನಾಟಿ ಹೇಟೆಯದು ಸಾಮಾನ್ಯವಾಗಿ 60ರಿಂದ 80. ಇಳುವರಿಯ ದೃಷ್ಟಿಯಿಂದ ವಾದವೇ ಇಲ್ಲ. ಆದರೆ ಹೆಚ್ಚು ಮೊಟ್ಟೆಗಾಗಿ ತಳಿ ಆರಿಸಿದಾಗ ಕಾವಿಗೆ ಬರುವ ಗುಣ ಕುಗ್ಗುತ್ತದೆ. ಹೀಗಾಗಿ ಸುಧಾರಿತ ಕೋಳಿಯನ್ನೇ ನಂಬಿದ ಮನೆ ಮುಂದಿನ ಮರಿಗಾಗಿ ಹೊರಗಿನ ಮರಿಕೇಂದ್ರವನ್ನು ಅವಲಂಬಿಸಬೇಕಾಗುತ್ತದೆ. ಮರಿಯ ಬೆಲೆ, ಸರಬರಾಜು, ಕಾಲ ಮೂರೂ ಒಡತಿಯ ಕೈ ತಪ್ಪುತ್ತವೆ. ಭಾರದ ಮೈಯಿಂದಾಗಿ ಹದ್ದು, ನಾಯಿಗಳಿಂದ ತಪ್ಪಿಸಿಕೊಳ್ಳುವ ಚುರುಕೂ ಕಡಿಮೆ.

ಇದಕ್ಕೆ ಹಳ್ಳಿಗಳು ಕಂಡುಕೊಂಡ ಉತ್ತರ ಸರಳವಾಗಿದೆ: ಸುಧಾರಿತ ಕೋಳಿಯ ಮೊಟ್ಟೆಯನ್ನು ನಾಟಿ ಹೇಟೆಯ ಕಾವಿಗಿಡುವುದು. ಹಳೆಯ ಅರಿವು ಹೊಸ ತಳಿಗೆ ಆಸರೆಯಾಗುವ ಮಾದರಿಯಿದು. ಆದರೆ ನಾಟಿ ಹೇಟೆ ಉಳಿದಿರುವವರೆಗೆ ಮಾತ್ರ ಇದು ಸಾಧ್ಯ.

ಜನಪದ ಅರಿವು ಸೋಲುವ ನೆಲೆಯನ್ನೂ ಮರೆಮಾಚಬಾರದು. ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಬೇನೆ ತಗುಲಿದರೆ ಊರಿನ ಕೋಳಿಗಳೆಲ್ಲ ಕೆಲವೇ ದಿನಗಳಲ್ಲಿ ಸಾಯಬಹುದು. ಹೇನಿಗೆ ಬೂದಿ, ಬೇವು, ಲಕ್ಕಿಸೊಪ್ಪು ಫಲಕಾರಿಯಾದಂತೆ ಇದಕ್ಕೆ ಮನೆಮದ್ದಿಲ್ಲ. ಮಾರಿಗೆ ಹರಕೆ ಹೊತ್ತರೂ, ರೋಗದ ಸುದ್ದಿ ಕೇಳಿ ಅವಸರದಿಂದ ಮಾರಿದರೂ ಬೇನೆ ನಿಲ್ಲದು. ಹಾಗೆ ಮಾರಿದ ಕೋಳಿಯೇ, ಕೆಲವೊಮ್ಮೆ ಪಾಲಿಗೆ ಕೊಟ್ಟ ಹೇಟೆಯೇ ರೋಗವನ್ನು ಮುಂದಿನ ಊರಿಗೆ ಒಯ್ಯುತ್ತದೆ. ಲಸಿಕೆಯೊಂದೇ ರಕ್ಷಣೆ. ಮೊದಲ ವಾರದಲ್ಲಿ ಮರಿಯ ಕಣ್ಣಿಗೋ ಮೂಗಿಗೋ ಹನಿ, ಸುಮಾರು ಎಂಟು ವಾರಕ್ಕೆ ಚುಚ್ಚುಮದ್ದು ಎಂಬುದು ರೂಢಿಯ ಕ್ರಮ. ಆದರೆ ಲಸಿಕೆ ತಂಪಿನಲ್ಲಿರಬೇಕು, ಸೀಸೆ ಕರಗಿಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಒಂದು ಸೀಸೆ ನೂರು, ಇನ್ನೂರು ಹಕ್ಕಿಗಳಿಗಾಗುವಷ್ಟಿರುತ್ತದೆ. ಐದು ಕೋಳಿಯ ಮನೆಗೆ ಅದು ಒಗ್ಗದು. ಇಡೀ ಕೇರಿಗೆ ಒಗ್ಗುತ್ತದೆ. ಪಾಲಿನ ಒಪ್ಪಂದಗಳನ್ನು ನಡೆಸಿಕೊಂಡು ಬಂದ ಹೆಂಗಸರ ನಂಟು ಈಗಾಗಲೇ ಇದೆ, 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳ ಅನುಭವವೂ ಇದೆ. ಜಾತ್ರೆಗೆ ಊರೆಲ್ಲ ಒಂದು ದಿನ ಗೊತ್ತು ಮಾಡುವಂತೆ, ಬೇಸಿಗೆಯ ಮುನ್ನ ಲಸಿಕೆಗೂ ಒಂದು ದಿನ ಗೊತ್ತು ಮಾಡುವುದು ಅಸಾಧ್ಯವೇನಲ್ಲ.

ಸಮಾರೋಪ

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆಯನ್ನು ಯೋಜನೆಗಳು ಕೋಳಿಯ ಒಡತಿಗೂ ಅನ್ವಯಿಸಿದಂತೆ ತೋರುತ್ತದೆ. ತಳಿ ಹಂಚುವಾಗ ತಿಪ್ಪೆಯ ಅಳತೆ, ಹಬ್ಬದ ಪಂಚಾಂಗ, ಕಾವಿನ ಕ್ರಮಗಳನ್ನು ಆಕೆಯಿಂದ ಕೇಳಿ ತಿಳಿಯುವುದು ವಿಜ್ಞಾನಕ್ಕೆ ಕುಂದಲ್ಲ. ಜಾನಪದ ಅಧ್ಯೇತೃಗಳ ಪಾಲಿನ ಕೆಲಸವೂ ಇದೆ: ಪ್ರದೇಶವಾರು ಕಾವಿನ ಕಟ್ಟಳೆಗಳು, ಮೈಬಣ್ಣದ ಹೆಸರುಗಳು, ಪಾಲಿನ ಕರಾರುಗಳು ಸಂಗ್ರಹವಾಗಬೇಕು, ನಂಬಿಕೆಯಲ್ಲಿ ಅಡಗಿದ ವೀಕ್ಷಣೆ ಯಾವುದು, ಬರಿಯ ಭೀತಿ ಯಾವುದು ಎಂದು ಬಿಡಿಸಿ ನೋಡಬೇಕು. ಮರಿಕೇಂದ್ರದ ಯಂತ್ರ ಒಮ್ಮೆಗೆ ಸಾವಿರಾರು ಮರಿ ಕೊಡಬಲ್ಲದು. ಆದರೆ ಮಂಕರಿಯಲ್ಲಿ ಕುಳಿತ ಹೇಟೆ ಕೊಡುವ ಹತ್ತು ಮರಿಗಳನ್ನು ಯಾವಾಗ ಪಡೆಯಬೇಕು, ಯಾರಿಗೆ ಕೊಡಬೇಕು ಎಂಬ ನಿರ್ಧಾರ ಬಡ ಹೆಣ್ಣುಮಗಳದೇ ಆಗಿರುತ್ತದೆ. ನಾಟಿ ಹೇಟೆಯೊಡನೆ ಕಾವಿನ ಅರಿವೂ ಅಳಿದರೆ ಕಳೆದುಹೋಗುವುದು ಆ ನಿರ್ಧಾರದ ಹಕ್ಕು.