ಜಠರದಲ್ಲಿ ಹೆಪ್ಪು ಕರಗಿದಾಗ

ಕುಡುಗೋಲು ತಾಗಿ ಬೆರಳು ಕುಯ್ದುಕೊಂಡರೆ ಕೆಲವೇ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೊದಲು ಪ್ಲೇಟ್‌ಲೆಟ್‌ಗಳು ಗಾಯಕ್ಕೆ ಮುತ್ತಿಕೊಳ್ಳುತ್ತವೆ, ಅವುಗಳ ಸುತ್ತ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ಹೆಣೆಯುತ್ತವೆ. ಗಾಯ ಮಾಯುತ್ತಾ ಬಂದಂತೆ ಪ್ಲಾಸ್ಮಿನ್ ಎಂಬ ಕಿಣ್ವ ಆ ಬಲೆಯನ್ನು ಮೆಲ್ಲಗೆ ಕರಗಿಸುತ್ತದೆ.

ಜಠರದಲ್ಲಿ ಹೆಪ್ಪಿಗೆ ಇಷ್ಟು ಬಿಡುವು ಸಿಗದು. ಆಮ್ಲೀಯತೆ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಎಂಬ ಅಳತೆ ರಕ್ತದಲ್ಲಿ 7.4. ಖಾಲಿ ಜಠರದಲ್ಲಿ ಅದು 1ರಿಂದ 2. ಪಿಎಚ್ 6ಕ್ಕಿಂತ ಕೆಳಗಿಳಿದರೆ ಪ್ಲೇಟ್‌ಲೆಟ್‌ಗಳು ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಮಾಂಸ, ಬೇಳೆಗಳ ಪ್ರೋಟೀನನ್ನು ಅರಗಿಸುವ ಪೆಪ್ಸಿನ್ ಫೈಬ್ರಿನ್ನನ್ನೂ ಬಿಡುವುದಿಲ್ಲ. ಜಠರದ ಹುಣ್ಣಿನ ಬುಡದ ರಕ್ತನಾಳ ಒಡೆದರೆ ಅಪಾಯವಾಗುವುದು ಇದರಿಂದಲೇ.

ಹುಣ್ಣಿಗೆ ಮುಖ್ಯ ಕಾರಣಗಳು ಎರಡು. ಒಂದು, ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾ. ಇದನ್ನು ಗುರುತಿಸಿದ ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್‌ಗೆ 2005ರಲ್ಲಿ ನೊಬೆಲ್ ಬಂತು. ಇನ್ನೊಂದು, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಮುಂದೆ ಗಂಟೆಗಟ್ಟಲೆ ನಿಲ್ಲುವವರಿಗೂ, ಹೊಸಕೋಟೆ, ದೇವನಹಳ್ಳಿಯ ತೋಟಗಳಲ್ಲಿ ಬಗ್ಗಿ ದುಡಿಯುವವರಿಗೂ ಸೊಂಟನೋವು ತಪ್ಪಿದ್ದಲ್ಲ. ಮಾತ್ರೆ ನೋವನ್ನೇನೋ ಇಳಿಸುತ್ತದೆ, ಆದರೆ ಜಠರದ ಒಳಪದರವನ್ನು ಕಾಯುವ ಲೋಳೆಯನ್ನೂ ತೆಳುವಾಗಿಸುತ್ತದೆ. ಆಸ್ಪಿರಿನ್ನಂತೂ ಪ್ಲೇಟ್‌ಲೆಟ್‌ಗಳನ್ನು ಅವುಗಳ ಆಯುಷ್ಯವಿಡೀ, ಅಂದರೆ ವಾರದಿಂದ ಹತ್ತು ದಿನ, ಮಂಕಾಗಿಸುತ್ತದೆ. ಹುಣ್ಣಿಲ್ಲದೆಯೂ ರಕ್ತ ಸೋರಬಹುದು: ಕುಡಿತ ಮೊದಲಾದವುಗಳಿಂದ ಯಕೃತ್ತು ಗಡುಸಾದವರಲ್ಲಿ ಅನ್ನನಾಳದ ಉಬ್ಬಿದ ಸಿರೆಗಳೇ ಒಡೆಯುವುದುಂಟು.

ಹೆಪ್ಪು ಕರಗದಂತೆ ತಡೆದರೆ ರಕ್ತಸ್ರಾವ ನಿಂತೀತೆಂಬ ಆಸೆ ಸಹಜವೇ. ಜಪಾನಿನ ಒಕಾಮೊಟೊ ದಂಪತಿ ರೂಪಿಸಿದ ಟ್ರಾನೆಕ್ಸಾಮಿಕ್ ಆಮ್ಲ ಪ್ಲಾಸ್ಮಿನ್ನಿನ ಕೆಲಸವನ್ನು ತಡೆಯುತ್ತದೆ. ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ಅದು ಜೀವ ಉಳಿಸಿದೆ. ಆದರೆ 15 ದೇಶಗಳ 12,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಹಾಲ್ಟ್-ಇಟ್ ಪ್ರಯೋಗದಲ್ಲಿ ಜೀರ್ಣಾಂಗದ ರಕ್ತಸ್ರಾವದ ಸಾವು ಇದರಿಂದ ಇಳಿಯಲಿಲ್ಲ. ಬದಲಿಗೆ ಕಾಲಿನ ಸಿರೆಗಳಲ್ಲಿ, ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಪ್ಪು ಕಾಣಿಸಿಕೊಳ್ಳುವುದು ಶೇಕಡ 0.4ರಿಂದ 0.8ಕ್ಕೆ ಏರಿತು.

ಹಾಗಾಗಿ ಚಿಕಿತ್ಸೆಯ ದಾರಿ ಬೇರೆ. ಒಮೆಪ್ರಜೋಲ್ ಬಗೆಯ ಔಷಧ ಆಮ್ಲವನ್ನು ತಗ್ಗಿಸಿ ಹೆಪ್ಪನ್ನು ಉಳಿಸುತ್ತದೆ. 24 ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ ಒಡೆದ ನಾಳಕ್ಕೆ ಕ್ಲಿಪ್ ಹಾಕುತ್ತಾರೆ, ಇಲ್ಲವೇ ಸುಡುತ್ತಾರೆ. ಉಬ್ಬಿದ ಸಿರೆಗಾದರೆ ರಬ್ಬರ್ ಬಳೆ ಬಿಗಿಯುತ್ತಾರೆ. ಪೈಲೊರಿ ಸಿಕ್ಕರೆ ಆಂಟಿಬಯಾಟಿಕ್ ಕೊಟ್ಟು ಅದನ್ನು ನಿರ್ಮೂಲ ಮಾಡಿದಾಗ ಹುಣ್ಣು ಮರುಕಳಿಸುವುದು ಬಹಳ ಕಡಿಮೆ.

ರಕ್ತವಾಂತಿ, ಕಾಫಿಪುಡಿಯಂಥ ವಾಂತಿ, ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ ನಾರುವ ಮಲ ಜೀರ್ಣಾಂಗದ ರಕ್ತಸ್ರಾವದ ಕುರುಹುಗಳು. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ದುರ್ವಾಸನೆ ಇರುವುದಿಲ್ಲ. ರಕ್ತಸ್ರಾವದ ಕುರುಹುಗಳ ಜೊತೆ ತಲೆ ಸುತ್ತಿ ಬೆವರಿದರೆ ದೇಹದಿಂದ ಬಹಳ ರಕ್ತ ಹೋಗಿರಬಹುದು. ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು.