ಅರ್ಜಿ, ಬೂತು, ಆಣೆ: ಶಿಕಾರಿಪುರ–ಸೊರಬದ ಕಡೆಯ ಹೆದರಿಕೆಗಳು

ಶಿಕಾರಿಪುರ, ಸೊರಬ ಶಿವಮೊಗ್ಗ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳು. ಒಂದು ಬಿ.ಎಸ್. ಯಡಿಯೂರಪ್ಪನವರನ್ನು, ಇನ್ನೊಂದು ಎಸ್. ಬಂಗಾರಪ್ಪನವರನ್ನು ವಿಧಾನಸೌಧದ ಮೂರನೇ ಮಹಡಿಗೆ, ಮುಖ್ಯಮಂತ್ರಿಯ ಕುರ್ಚಿಗೆ ಕಳಿಸಿತು. ರಾಜಕೀಯ ಮಾತಾಡದ ಹೋಟೆಲು, ಬಸ್‌ಸ್ಟ್ಯಾಂಡು ಈ ಕಡೆ ಸಿಗುವುದಿಲ್ಲ. ಅಷ್ಟು ಮಾತಾಡುವ ಜನರೂ ಕೆಲವು ವಿಷಯಕ್ಕೆ ಬಂದರೆ ಆಚೀಚೆ ನೋಡಿ ದನಿ ತಗ್ಗಿಸುತ್ತಾರೆ. ಆ ತಗ್ಗಿದ ದನಿಯ ಮಾತುಗಳಲ್ಲಿ ನಿಜವೂ ಸುಳ್ಳೂ ಬೆರೆತಿರುತ್ತವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಬಿಡಿಸಿ ನೋಡಿದ್ದೇನೆ.

ತಪ್ಪು ಕಲ್ಪನೆ: “ಈಸೂರಿನ ಜನಕ್ಕೆ ಹೆದರಿಕೆ ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ.”

ಆಗಸ್ಟ್ 15ರ ಭಾಷಣಗಳಲ್ಲಿ ಈಸೂರಿನ ಕಥೆ ಅರ್ಧಕ್ಕೇ ನಿಲ್ಲುತ್ತದೆ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ ತಾನು ಸ್ವತಂತ್ರ ಎಂದು ಸಾರಿತು, ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಹಾರಿಸಿತು, ಚಿಕ್ಕ ಹುಡುಗರನ್ನೇ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡಿತು. ಇಷ್ಟು ಹೇಳಿ ಚಪ್ಪಾಳೆ ತಟ್ಟಿ ಮುಗಿಸುತ್ತೇವೆ. ಆಮೇಲಿನದ್ದು ಹೀಗಿದೆ: ಸೆಪ್ಟೆಂಬರ್ ಕೊನೆಯಲ್ಲಿ ಊರಿಗೆ ಬಂದ ನಿಜವಾದ ಅಮಲ್ದಾರ ಮತ್ತು ಸಬ್‌ಇನ್ಸ್‌ಪೆಕ್ಟರ್ ಘರ್ಷಣೆಯಲ್ಲಿ ಸತ್ತರು. ಪಡೆ ನುಗ್ಗಿತು, ಜನ ಕಾಡು ಸೇರಿದರು, ಮನೆಗಳು ಲೂಟಿಯಾದವು. 1943ರ ಮಾರ್ಚ್‌ನಲ್ಲಿ ಐವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಹೆಂಗಸರಿಗೂ ಜೀವಾವಧಿ ಶಿಕ್ಷೆಯಾಯಿತು.

ಕಾಡಿಗೆ ಓಡಿದವರು ಹೆದರಿಯೇ ಓಡಿದ್ದು, ಅದರಲ್ಲಿ ಕುಂದೇನಿಲ್ಲ. ನೇಣಿಗೆ ಹಾಕಿದ್ದು ಮೈಸೂರು ಸಂಸ್ಥಾನ, ಸತ್ತ ಅಧಿಕಾರಿಗಳೂ ನಮ್ಮ ಕಡೆಯವರೇ ಎಂಬುದನ್ನೂ ನಾವು ಮರೆತಿದ್ದೇವೆ. ಆ ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು, ಆದರೆ ಸರ್ಕಾರವನ್ನು ಕೆಳಗಿಳಿಸುವ ಅಧಿಕಾರ ಅದಕ್ಕೆ ಇರಲಿಲ್ಲ. ಆಳುವವರನ್ನು ಮತ ಹಾಕಿ ಇಳಿಸುವ ದಾರಿ ಇಲ್ಲದ ಕಡೆ ರಕ್ತ ಹರಿಯುತ್ತದೆ, ಎರಡೂ ಕಡೆಯಿಂದ.

ತಪ್ಪು ಕಲ್ಪನೆ: “ತುರ್ತುಪರಿಸ್ಥಿತಿಗೆ ಜನ ಬುದ್ಧಿ ಕಲಿಸಿದರು.”

ಉತ್ತರ ಭಾರತದಲ್ಲಿ ಕಲಿಸಿದರು. ಕರ್ನಾಟಕದಲ್ಲಿ 1977ರ ಲೋಕಸಭಾ ಚುನಾವಣೆಯಲ್ಲಿ 28 ಸ್ಥಾನಗಳ ಪೈಕಿ 26 ಕಾಂಗ್ರೆಸ್ಸಿಗೇ ಬಂದವು, ಶಿವಮೊಗ್ಗವೂ ಅದರಲ್ಲಿ ಸೇರಿತ್ತು. ಅಡ್ವಾಣಿ, ವಾಜಪೇಯಿ ಬೆಂಗಳೂರಿನ ಜೈಲಿನಲ್ಲಿದ್ದ ರಾಜ್ಯ ಇದು. ಶಿಕಾರಿಪುರದ ಯಡಿಯೂರಪ್ಪನವರೂ ಆ ಕಾಲದಲ್ಲಿ ಜೈಲು ಕಂಡವರು. ಹಾಗಾದರೆ ನಮ್ಮ ಜನಕ್ಕೆ ಸ್ವಾತಂತ್ರ್ಯದ ಬೆಲೆ ಗೊತ್ತಿರಲಿಲ್ಲವೇ? ಹಾಗೆ ಬರೆದವರಿದ್ದಾರೆ, ನನಗದು ಸೊಕ್ಕಿನ ಮಾತು ಅನ್ನಿಸುತ್ತದೆ. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂದಿತ್ತು. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಭತ್ತ ಅಳೆಯುವ ಕೊಳಗದ ಮೋಸದ ವಿರುದ್ಧ ಸತ್ಯಾಗ್ರಹ ಮಾಡಿ ಜೈಲು ತುಂಬಿದ್ದರು. ಅಂಥವರ ಮಕ್ಕಳ ಅರ್ಜಿಗಳು ಆಗ ಭೂನ್ಯಾಯಮಂಡಳಿಯ ಮುಂದಿದ್ದವು. ತಲೆತಲಾಂತರದಿಂದ ಒಡೆಯನ ಅಂಗಳದಲ್ಲಿ ಕೈಕಟ್ಟಿ ನಿಂತ ಮನೆಯವರಿಗೆ ಆ ಹೆದರಿಕೆ ಹೋದದ್ದು, ಪತ್ರಿಕೆಗಳ ಬಾಯಿಗೆ ಬೀಗ ಬಿದ್ದ ಅದೇ ವರ್ಷಗಳಲ್ಲಿ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವವರನ್ನು ನಾನು ನಂಬುವುದಿಲ್ಲ.

ಬೀಗ ಹಾಕಿದ್ದು ಕಾನೂನಿನ ಹೆಸರಿನಲ್ಲೇ ಎಂಬುದನ್ನೂ ನೆನಪಿಡಬೇಕು. ಜರ್ಮನಿಯಲ್ಲಿ 1933ರ ಮಾರ್ಚ್‌ನಲ್ಲಿ ಹಿಟ್ಲರನಿಗೆ ಸರ್ವಾಧಿಕಾರ ಕೊಟ್ಟದ್ದೂ ಅಲ್ಲಿನ ಸಂಸತ್ತು ಪಾಸು ಮಾಡಿದ ಕಾಯ್ದೆಯೇ. ನಮ್ಮಲ್ಲಿ 1978ರ 44ನೇ ತಿದ್ದುಪಡಿ 352ನೇ ವಿಧಿಯಲ್ಲಿದ್ದ ‘ಆಂತರಿಕ ಗಲಭೆ’ ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಬರೆಯಿತು. ಸಂಪುಟದ ಲಿಖಿತ ಸಲಹೆ ಇಲ್ಲದೆ ತುರ್ತುಪರಿಸ್ಥಿತಿ ಘೋಷಿಸುವಂತಿಲ್ಲ ಎಂದೂ ಸೇರಿಸಿತು. ಬಾಗಿಲು ಪೂರ್ತಿ ಮುಚ್ಚಲಿಲ್ಲ, ಚಿಲಕ ಗಟ್ಟಿಯಾಯಿತು.

ತಪ್ಪು ಕಲ್ಪನೆ: “ಇವೆರಡೂ ಪಾಳೆಯಪಟ್ಟು. ಯಾರು ಏನು ಮಾಡಿದರೂ ಅದೇ ಮನೆತನ.”

ಹೊರಗಿನಿಂದ ನೋಡಿದವರಿಗೆ ಹಾಗೆ ಕಾಣುವುದು ಸಹಜ. ಸೊರಬದಿಂದ ಬಂಗಾರಪ್ಪ 1967ರಿಂದ 1994ರವರೆಗೆ ಸತತ ಏಳು ಸಲ ಗೆದ್ದರು, ಆಮೇಲೆ ಮಕ್ಕಳು. ಶಿಕಾರಿಪುರದಲ್ಲಿ 1983ರಿಂದ ಯಡಿಯೂರಪ್ಪ, ಆಮೇಲೆ ಮಕ್ಕಳು. ಆದರೆ 1999ರಲ್ಲಿ ಶಿಕಾರಿಪುರ ಅದೇ ಯಡಿಯೂರಪ್ಪನವರನ್ನು ಸೋಲಿಸಿತು. 2008ರಲ್ಲಿ ಸೊರಬ ಬಂಗಾರಪ್ಪನವರ ಮಕ್ಕಳಾದ ಕುಮಾರ್, ಮಧು ಇಬ್ಬರನ್ನೂ ಬದಿಗಿಟ್ಟು ಹರತಾಳು ಹಾಲಪ್ಪನವರನ್ನು ಆರಿಸಿತು. ಬಳಿಕ 2013ರಲ್ಲಿ ಮಧು, 2018ರಲ್ಲಿ ಕುಮಾರ್, 2023ರಲ್ಲಿ ಮತ್ತೆ ಮಧು. ಅಣ್ಣತಮ್ಮಂದಿರನ್ನು ಮೂರು ಚುನಾವಣೆಯಲ್ಲಿ ಅದಲುಬದಲು ಮಾಡಿದ ಮತದಾರನನ್ನು ಗುಲಾಮ ಎನ್ನಲಾಗದು. 2023ರಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಮಗ ಬಿ.ವೈ. ವಿಜಯೇಂದ್ರ ಗೆದ್ದರು, ಆದರೆ ಪಕ್ಷೇತರನೊಬ್ಬನ ಎದುರು ಅಂತರ ಬರೀ 11 ಸಾವಿರದಷ್ಟು. ಅದಕ್ಕೂ ಮುಂಚೆ, ಮಾರ್ಚ್‌ನಲ್ಲಿ, ಒಳಮೀಸಲಾತಿ ವಿರೋಧಿಸಿ ಬಂಜಾರ ಸಮುದಾಯದವರು ನಡೆಸಿದ ಪ್ರತಿಭಟನೆಯಲ್ಲಿ ಯಡಿಯೂರಪ್ಪನವರ ಮನೆಗೇ ಕಲ್ಲು ಬಿದ್ದಿತ್ತು. ಕಲ್ಲು ತೂರುವುದನ್ನು ನಾನು ಧೈರ್ಯ ಎನ್ನಲಾರೆ. ಊರು ಬಾಯಿ ಕಟ್ಟಿಕೊಂಡು ಕೂತಿಲ್ಲ ಎಂಬುದಕ್ಕೆ ಅದು ಸಾಕ್ಷಿ, ಅಷ್ಟೆ.

ತಪ್ಪು ಕಲ್ಪನೆ: “ನಾನು ಯಾರಿಗೆ ಹಾಕ್ದೆ ಅಂತ ಅವರಿಗೆ ಗೊತ್ತಾಗುತ್ತೆ.”

ದನಿ ತಗ್ಗಿಸಿ ಹೇಳುವ ಮಾತುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ನಿಮ್ಮೊಬ್ಬರ ಮತ ಗೊತ್ತಾಗುವುದಿಲ್ಲ. ಗುಂಡಿ ಒತ್ತಿದಾಗ ಗಾಜಿನ ಹಿಂದೆ ಕಾಣುವ ಚೀಟಿ 7 ಸೆಕೆಂಡ್ ಇದ್ದು ಪೆಟ್ಟಿಗೆಗೆ ಬೀಳುತ್ತದೆ. ಅದರ ಮೇಲೆ ಇರುವುದು ಅಭ್ಯರ್ಥಿಯ ಹೆಸರು ಮತ್ತು ಚಿಹ್ನೆ, ನಿಮ್ಮ ಹೆಸರಲ್ಲ. ನಿಮ್ಮ ಸಹಿ ಅಥವಾ ಹೆಬ್ಬೆಟ್ಟು ಇರುವುದು ಬೇರೆ ರಿಜಿಸ್ಟರಿನಲ್ಲಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ, ಯಾರಿಗೆ ಮತ ಹಾಕಿದೆ ಎಂದು ಕೋರ್ಟಿನಲ್ಲೂ ನಿಮ್ಮನ್ನು ಒತ್ತಾಯಿಸಿ ಹೇಳಿಸುವಂತಿಲ್ಲ.

ಹಾಗಂತ ಈ ಹೆದರಿಕೆ ಬುಡವಿಲ್ಲದ್ದು ಎನ್ನುವವರು ಎಣಿಕೆ ಕೇಂದ್ರಕ್ಕೆ ಹೋಗಿ ನೋಡಬೇಕು. ಪ್ರತಿ ಮೇಜಿನ ಮುಂದೆ, ತಂತಿಬಲೆಯ ಆಚೆ, ಪಕ್ಷಗಳ ಏಜೆಂಟರು ಹಾಳೆ ಪೆನ್ನು ಹಿಡಿದು ಕೂತಿರುತ್ತಾರೆ. ಒಂದು ಮತಗಟ್ಟೆಯ ಯಂತ್ರ ಬರುತ್ತದೆ, ಮೊಹರು ಒಡೆಯುತ್ತಾರೆ, ಫಲಿತಾಂಶದ ಗುಂಡಿ ಒತ್ತುತ್ತಾರೆ. ಆ ಬೂತಿನಲ್ಲಿ ಯಾರಿಗೆ ಎಷ್ಟು ಎಂದು ಅಂಕಿ ಒಂದೊಂದಾಗಿ ಬೀಳುತ್ತದೆ, ಏಜೆಂಟ್ ಬರೆದುಕೊಳ್ಳುತ್ತಾನೆ. ಮುಂದೆ ಅದೇ ಅಂಕಿಗಳು ನಮೂನೆ 20ರಲ್ಲಿ ಬೂತುವಾರು ಪ್ರಕಟವಾಗುತ್ತವೆ. ಒಂದು ಬೂತಿಗೆ ಸಾವಿರದ ಆಸುಪಾಸು ಮತದಾರರು. ಹಳ್ಳಿಯಲ್ಲಿ ಒಂದು ಬೂತು ಅಂದರೆ ಒಂದು ಊರು, ಕೆಲವು ಕಡೆ ಒಂದು ಕೇರಿ, ಒಂದು ತಾಂಡಾ. “ನಿಮ್ಮ ಬೂತಲ್ಲಿ ನಮಗೆ ಲೀಡ್ ಬರಲಿಲ್ಲವಲ್ಲ” ಎಂಬ ಮಾತು ಹುಟ್ಟುವುದು ಆ ಹಾಳೆಯಿಂದ. ಯಾರೂ ಗುಟ್ಟು ಒಡೆದಿಲ್ಲ, ಯಂತ್ರವನ್ನು ಯಾರೂ ತಿದ್ದಿಲ್ಲ. ಆದರೂ ಇಡೀ ಊರು ಒಟ್ಟಿಗೆ ಸಿಕ್ಕಿಬೀಳುತ್ತದೆ. ರಸ್ತೆಯ ಡಾಂಬರು ಊರ ಗಡಿಗೆ ಬಂದು ನಿಂತರೆ ಜನ ಕಾರಣ ಹುಡುಕುವುದು ಅಲ್ಲೇ.

ಇದಕ್ಕೆ ಮದ್ದು ಇಲ್ಲದಿಲ್ಲ. ಮತಪತ್ರದ ಕಾಲದಲ್ಲಿ, ಬೆದರಿಕೆಯ ಶಂಕೆ ಇದ್ದ ಕಡೆ ಹಲವು ಬೂತುಗಳ ಮತಪತ್ರ ಕಲಸಿ ಎಣಿಸಲು ನಿಯಮವಿತ್ತು. ಯಂತ್ರಗಳು ಬಂದ ಮೇಲೆ, 14 ಯಂತ್ರಗಳ ಮತಗಳನ್ನು ಒಟ್ಟು ಮಾಡಿ ತೋರಿಸುವ ‘ಟೋಟಲೈಸರ್’ ಬಳಸೋಣ ಎಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತು. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಹೌದೆಂದಿತು. ಜಾರಿಯಾಗಲಿಲ್ಲ. ಬೂತುವಾರು ಲೆಕ್ಕ ಎಲ್ಲ ಪಕ್ಷಗಳ ಕಾರ್ಯಕರ್ತರಿಗೂ ಬೇಕು, ಅದನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸಿದೆ?

ಜತೆಗೆ ಆಣೆಯ ವಿಷಯ. ದುಡ್ಡು ಕೊಟ್ಟು ದೇವರ ದೀಪ ಮುಟ್ಟಿಸಿಕೊಂಡು ಹೋದವರಿಗೆ ಮತ ಹಾಕದಿದ್ದರೆ ದೋಷ ಬರುತ್ತದೆಂದು ನಂಬುವ ಹಿರಿಯರು ಇನ್ನೂ ಇದ್ದಾರೆ. ಕಾನೂನು ಇದನ್ನು ಮೊದಲೇ ಊಹಿಸಿತ್ತು. ಇಂಥವರಿಗೇ ಮತ ಹಾಕದಿದ್ದರೆ ದೈವದ ಕೋಪಕ್ಕೆ ಗುರಿಯಾಗುತ್ತೀರಿ ಎಂದು ನಂಬಿಸುವುದು, ಜಾತಿಯಿಂದ ಹೊರಗಿಡುತ್ತೇವೆ ಎಂದು ಹೆದರಿಸುವುದು, ಎರಡೂ ಚುನಾವಣಾ ಭ್ರಷ್ಟಾಚಾರ. ತಪ್ಪು ಆಣೆ ಮಾಡಿಸಿದವನದ್ದು.

ತಪ್ಪು ಕಲ್ಪನೆ: “ಬಗರ್‌ಹುಕುಂ ಜಮೀನು ಎಮ್ಮೆಲ್ಲೆ ಕೊಡೋದು. ಅವರನ್ನು ಎದುರು ಹಾಕಿಕೊಂಡರೆ ಅರ್ಜಿ ವಜಾ.”

ಬಗರ್‌ಹುಕುಂ ಅಂದರೆ ಅಪ್ಪಣೆ ಇಲ್ಲದೆ ಸಾಗುವಳಿ ಮಾಡಿಕೊಂಡು ಬಂದ ಸರ್ಕಾರಿ ಜಮೀನು. ಅದನ್ನು ಕೊಡುವುದು 1964ರ ಭೂಕಂದಾಯ ಕಾಯ್ದೆ. ನಮೂನೆ 50, ಆಮೇಲೆ 53, ಆಮೇಲೆ 2018ರಲ್ಲಿ 57, ಹೀಗೆ ಮೂರು ಸಲ ಅರ್ಜಿ ಕರೆದರು. 57ಕ್ಕೆ 2005ರ ಜನವರಿ 1ಕ್ಕೆ ಮುಂಚಿನ ಸಾಗುವಳಿ ಇರಬೇಕು. ಅರ್ಹತೆ ಇದ್ದವನಿಗೆ ಮಂಜೂರು, ಇಲ್ಲದವನಿಗೆ ಕಾರಣ ಬರೆದು ವಜಾ. ವಜಾ ಮಾಡಿದರೆ ಮೇಲ್ಮನವಿಗೂ ದಾರಿ ಇದೆ.

ಕಾಗದದ ಮೇಲೆ ಇಷ್ಟು ಸರಳ. ಆದರೆ ಅರ್ಜಿ ಪರಿಶೀಲಿಸುವ ತಾಲ್ಲೂಕು ಸಮಿತಿಗೆ ಅಧ್ಯಕ್ಷರು ಸಾಮಾನ್ಯವಾಗಿ ಸ್ಥಳೀಯ ಶಾಸಕರೇ, ತಹಶೀಲ್ದಾರರು ಕಾರ್ಯದರ್ಶಿ. ಅಡಿಕೆ ಸಸಿ ನೆಟ್ಟು, ಬೋರು ಕೊರೆಸಿ, ಮೂವತ್ತು ವರ್ಷ ಬೇಲಿ ಕಾಯ್ದವನ ಕೈಯಲ್ಲಿ ಇರುವುದು ಅರ್ಜಿಯ ಸ್ವೀಕೃತಿ ಚೀಟಿಯೊಂದೇ. ಅವನ ಅರ್ಜಿಯನ್ನು ಯಾರೂ ವಜಾ ಮಾಡಬೇಕಿಲ್ಲ, ಮುಂದಿನ ಸಭೆಗೆ ಇಟ್ಟರೆ ಸಾಕು. ಬೆದರಿಸುವ ಮಾತು ಒಂದೂ ಆಡಬೇಕಿಲ್ಲ. ಎದುರು ಪಕ್ಷದ ಮೆರವಣಿಗೆಯಲ್ಲಿ ಅವನೇ ಹಿಂದೆ ಸರಿದು ನಿಲ್ಲುತ್ತಾನೆ. ಈ ಎರಡು ತಾಲ್ಲೂಕುಗಳಲ್ಲಿ ರಾಜಕೀಯ ಹೆದರಿಕೆಗೆ ಲಾಠಿಗಿಂತ ಹೆಚ್ಚು ಕೆಲಸ ಮಾಡಿದ್ದು ಈ ‘ಮುಂದಿನ ಸಭೆ’ ಎಂದು ನನ್ನ ಅಂದಾಜು. ಯಾವ ಪಕ್ಷದವರು ಕೂತರೂ ಕುರ್ಚಿಯ ಗುಣ ಅದೇ.

ಅರಣ್ಯ ಜಮೀನಾದರೆ ಲೆಕ್ಕ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಶಾಸಕರಿಗೆ ಅಧ್ಯಕ್ಷತೆ ಇಲ್ಲ, ಕೆಲಸ ಶುರುವಾಗುವುದು ಗ್ರಾಮಸಭೆಯಿಂದ. ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು. ಆ ಷರತ್ತು ದಾಟುವುದು ಕಷ್ಟ ನಿಜ. ಆದರೆ ಅದಕ್ಕೂ ಶಾಸಕರ ಮನೆ ಬಾಗಿಲಲ್ಲಿ ನಿಲ್ಲುವವರನ್ನು ನೋಡಿದರೆ, ಅಭ್ಯಾಸ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯುತ್ತದೆ.

ತಪ್ಪು ಕಲ್ಪನೆ: “ಅವಿರೋಧ ಆಯ್ಕೆ ಊರಿನ ಒಗ್ಗಟ್ಟು.”

ಕೆಲವು ಸಲ ಹೌದು. ಹಲವು ಸಲ, ನಾಮಪತ್ರ ಹಾಕಬೇಕೆಂದಿದ್ದವಳನ್ನು ಹಿಂದಿನ ರಾತ್ರಿ ನಾಲ್ಕು ಜನ ಹಿರಿಯರು ಕೂರಿಸಿ “ಸುಮ್ಮನೆ ಯಾಕಮ್ಮಾ” ಎಂದಿರುತ್ತಾರೆ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಕೆಲವೆಡೆ ಸ್ಥಾನಗಳನ್ನು ಹರಾಜೇ ಹಾಕಿದರು. ಹೆಚ್ಚು ಕೂಗಿದವನು ಅವಿರೋಧ. ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯ ಕಾಣೆ.

ತಪ್ಪು ಕಲ್ಪನೆ: “ಪ್ರಜಾಪ್ರಭುತ್ವ ಹೋಗೋದಾದ್ರೆ ಎಲ್ಲರಿಗೂ ಗೊತ್ತಾಗುತ್ತೆ.”

ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಆಗಲಿಲ್ಲ. ಬಿಜೆಪಿ ಸರ್ಕಾರ ಕ್ಷೇತ್ರ ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟಿತು. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರವೂ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಕಾಲ ತಳ್ಳಿತು. ಅದೇ ಅವಧಿಯಲ್ಲಿ 2023ರ ವಿಧಾನಸಭಾ ಚುನಾವಣೆ, 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಸರಿಯಾಗಿ ಮುಗಿದವು, ಯಂತ್ರಕ್ಕೂ ಸಿಬ್ಬಂದಿಗೂ ಕೊರತೆ ಆಗಲಿಲ್ಲ.

ಸೈರನ್ ಊದಲಿಲ್ಲ, ಯಾರನ್ನೂ ಜೈಲಿಗೆ ಹಾಕಲಿಲ್ಲ. ಶಿಕಾರಿಪುರ, ಸೊರಬದ ತಾಲ್ಲೂಕು ಪಂಚಾಯಿತಿಗಳಲ್ಲಿ ಅಧ್ಯಕ್ಷರ ಬದಲು ಆಡಳಿತಾಧಿಕಾರಿ ಬಂದರು, ಕಡತಗಳಿಗೆ ಸಹಿ ಬೀಳುತ್ತಲೇ ಇತ್ತು. ಹೆದರಿಕೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಮೊದಲು ಹಳ್ಳಿಯವನೊಬ್ಬನಿಗೆ ಶಾಸಕರ ಕಡೆಯವರು ಕೆಲಸ ಮಾಡಿಕೊಡದಿದ್ದರೆ ಹೋಗಲು ಇನ್ನೆರಡು ಬಾಗಿಲು ಇದ್ದವು: ತಾಲ್ಲೂಕು ಪಂಚಾಯಿತಿ ಸದಸ್ಯ, ಜಿಲ್ಲಾ ಪಂಚಾಯಿತಿ ಸದಸ್ಯ. ಬೇರೆ ಪಕ್ಷದವರಾಗಿದ್ದರೆ ಹಟಕ್ಕೆ ಬಿದ್ದಾದರೂ ಓಡಾಡುತ್ತಿದ್ದರು. ಆ ಎರಡು ಬಾಗಿಲು ಮುಚ್ಚಿದವು. ತಾಲ್ಲೂಕಿನ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಗೂ ಶಾಸಕರೇ ಅಧ್ಯಕ್ಷರು, ಬಗರ್‌ಹುಕುಂ ಸಮಿತಿಗೂ ಅವರೇ.